ಬಿಷಪ್ ಅಜರ್ಯರೂ ಹಿಡಿಯಕ್ಕಿಯ ಕಾಣಿಕೆಯೂ

ಹಳ್ಳಿಯ ಸಭೆಗಳಲ್ಲಿ ವರ್ಷದ ಲೆಕ್ಕವನ್ನು ಓದುವಾಗ ಒಂದು ಪ್ರಶ್ನೆಯು ಏಳುವದುಂಟು. ನಮ್ಮ ದೇವಾಲಯದ ಮಾಡು ಸೋರುತ್ತಿರಲು, ನಮ್ಮಲ್ಲಿಯೇ ವಿಧವೆಯರೂ ರೋಗಿಗಳೂ ಇರಲು, ನಾವು ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ದೂರದ ಸಭಾಪ್ರಾಂತಕ್ಕೆ ಕಳುಹಿಸುವದು ಏತಕ್ಕೆ? ಹೀಗೆ ಕೇಳುವವರನ್ನು ನಾವು ಜರೆಯುವದಿಲ್ಲ. ಬೆವರು ಸುರಿಸಿ ಗಳಿಸಿದವನಿಗೆ ಕೇಳುವ ಹಕ್ಕುಂಟು. ಆದರೆ ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ವೇದನಾಯಗಂ ಸಾಮುವೇಲ್ ಅಜರ್ಯರು 1874ನೇ ಇಸವಿ ಆಗಸ್ಟ್ 17ರಂದು ತಮಿಳು ದೇಶದ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರ ತಂದೆಯು ಹಿಂದೂ ಮತದಿಂದ ಕ್ರಿಸ್ತನ ಕಡೆಗೆ ತಿರುಗಿದವರಾಗಿದ್ದು, ಅದೇ ಹಳ್ಳಿಯಲ್ಲಿ ಸಭಾಪಾಲಕರಾಗಿದ್ದರು. ಅಜರ್ಯರು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1895ರಿಂದ ಯುವಜನರ ಕ್ರೈಸ್ತ ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದರು. 1902ರಲ್ಲಿ ಅವರು ಸಿಂಹಳದ್ವೀಪದ ಯಾಳ್ಪಾಣಕ್ಕೆ ಹೋದಾಗ, ಅಲ್ಲಿಯ ತಮಿಳು ಕ್ರೈಸ್ತರು ತಮ್ಮ ಸ್ವಂತ ದುಡ್ಡಿನಿಂದಲೇ ಸುವಾರ್ತಾಸೇವೆಯನ್ನು ನಡಿಸುವದನ್ನು ಕಂಡು ನಾಚಿಕೊಂಡರು. ತಿರುನೆಲ್ವೇಲಿಯ ಸಭೆಯಾದರೋ ಅದಕ್ಕಿಂತ ದೊಡ್ಡದು. ಆದರೂ ಕೊಡುವದಕ್ಕಿಂತ ತೆಗೆದುಕೊಳ್ಳುವದನ್ನೇ ಹೆಚ್ಚಾಗಿ ರೂಢಿಮಾಡಿಕೊಂಡಿತ್ತು. ಆ ನಾಚಿಕೆಯು ವ್ಯರ್ಥವಾಗಲಿಲ್ಲ. 1903ರ ಫೆಬ್ರವರಿಯಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಶನರಿ ಸಂಘವೂ, 1905ರ ಕ್ರಿಸ್ತಜಯಂತಿಯ ದಿನ ಶ್ರೀರಾಮಪುರದಲ್ಲಿ ರಾಷ್ಟ್ರೀಯ ಮಿಶನರಿ ಸಂಘವೂ ಹುಟ್ಟಿದವು. ಆಳುಗಳು ನಮ್ಮವರು, ಹಣವು ನಮ್ಮದು, ಆಡಳಿತವೂ ನಮ್ಮದು ಎಂಬುದೇ ಇವುಗಳ ನಿಯಮವಾಗಿತ್ತು.

ತಿರುನೆಲ್ವೇಲಿಯ ಸಂಘವು ತನ್ನ ಹೊಲವಾಗಿ ಆರಿಸಿಕೊಂಡದ್ದು ನಿಜಾಮರ ರಾಜ್ಯದ ತೆಲುಗು ಸೀಮೆಯಾದ ದೋರ್ಣಕಲ್ಲನ್ನು. ಬೇರೆಯವರನ್ನು ಕಳುಹಿಸಿ ತಾನು ಪಟ್ಟಣದಲ್ಲಿ ಉಳಿಯುವದು ಸರಿಯಲ್ಲವೆಂದು ಅಜರ್ಯರು 1909ರಲ್ಲಿ ದೀಕ್ಷೆಯನ್ನು ಹೊಂದಿ ತಾವೇ ಅಲ್ಲಿಗೆ ಹೋದರು. ಪರಭಾಷೆಯಾದ ತೆಲುಗನ್ನು ಕಲಿತರು. 1910ರಲ್ಲಿ ಎಡಿನ್‌ಬರೋ ಪಟ್ಟಣದ ಲೋಕ ಮಿಶನ್ ಸಮ್ಮೇಳನದಲ್ಲಿ ಅವರು ಮಾತಾಡಿದಾಗ ಅನೇಕರ ಮನಸ್ಸು ಕಸಿವಿಸಿಯಾಯಿತು. ಸಂಬಳ ಕೊಡುವ ಮಿಶನರಿಯು ಯಜಮಾನನೂ ಅದನ್ನು ಪಡೆಯುವ ದೇಶೀಯ ಸೇವಕನು ಆಳೂ ಆಗಿ ಕಾಣುವಷ್ಟು ಕಾಲ ಅವರೊಳಗೆ ನಿಜವಾದ ಸ್ನೇಹವು ಬೆಳೆಯಲಾರದೆಂದು ಅವರು ಮರೆಮಾಚದೆ ತಿಳಿಸಿದರು. ಚೀಲವನ್ನು ಹಿಡಿದ ಕೈಯೇ ದಾರಿಯನ್ನು ತೋರಿಸುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವಷ್ಟೆ.

1912ನೇ ಇಸವಿ ದಶಂಬರ 29ರಂದು ಕಲ್ಕತ್ತೆಯ ಸಂತ ಪೌಲನ ದೇವಾಲಯದಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪಟ್ಟಕ್ಕೆ ಏರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಅವರ ಕೈಗೆ ಬಂದ ದೋರ್ಣಕಲ್ ಸಭಾಪ್ರಾಂತದ ಜನರು ಎಂಥವರು? ಹೆಚ್ಚಿನವರು ಅಸ್ಪೃಶ್ಯರೆಂದು ಊರ ಹೊರಗೆ ಇಡಲ್ಪಟ್ಟವರು. ಸ್ವಂತ ನೆಲವಿಲ್ಲದೆ ಪರರ ಹೊಲದಲ್ಲಿ ಕೂಲಿಮಾಡುವವರು. ಬಿಷಪರು ಎತ್ತಿನ ಗಾಡಿಯಲ್ಲಿಯೂ ಬೈಸಿಕಲ್ಲಿನಲ್ಲಿಯೂ ಅವರ ಹಟ್ಟಿಗಳಿಗೆ ಹೋಗುತ್ತಿದ್ದರು. ಪತ್ನಿಯಾದ ಅನ್ಬು ಮರಿಯಮ್ಮಾಳರೂ ಅನೇಕ ಸಾರಿ ಜೊತೆಗಿರುತ್ತಿದ್ದರು.

ಇಂಥ ಬಡವರಿಂದ ಕಾಣಿಕೆ ಕೇಳುವದು ಕ್ರೂರತನವಲ್ಲವೇ ಎಂದು ಯಾರಾದರೂ ನೆನಸಬಹುದು. ಅಜರ್ಯರ ಎಣಿಕೆಯು ಬೇರೆಯಾಗಿತ್ತು. ಬಡವನಿಂದ ಏನನ್ನೂ ಕೇಳದಿರುವದೇ ಅವನನ್ನು ಎಂದೆಂದಿಗೂ ಭಿಕ್ಷುಕನನ್ನಾಗಿ ಇಡುವದೆಂದು ಅವರು ತಿಳಿದಿದ್ದರು. ಹಣವಿಲ್ಲದವರು ಧಾನ್ಯ ತಂದರು. ಕೋಳಿ, ಮೊಟ್ಟೆ, ಕಾಯಿಪಲ್ಯ ತಂದರು. ತಾಯಂದಿರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ತೆಗೆದು ಕರ್ತನ ಗಡಿಗೆಯಲ್ಲಿ ಹಾಕಿದರು. ಸುಗ್ಗಿಯ ಹಬ್ಬದಲ್ಲಿ ಅದೆಲ್ಲವೂ ದೇವರ ಸನ್ನಿಧಿಗೆ ಬಂತು. ಊರವರು ಯಾರ ನೆರಳನ್ನು ಸಹ ಸಹಿಸಲಿಲ್ಲವೋ, ಅವರ ಕೈಯ ಕಾಣಿಕೆಯು ದೇವರ ಮುಂದೆ ಸ್ವೀಕೃತವಾಯಿತು. ಇದು ಸಣ್ಣ ಸಂಗತಿಯಲ್ಲ.

ಈ ಕಾಣಿಕೆಯು ಒಂದೊಂದು ಹಳ್ಳಿಯಲ್ಲಿಯೇ ಉಳಿದಿದ್ದರೆ ಆಗುತ್ತಿದ್ದದ್ದೇನು? ಹತ್ತು ಮನೆಗಳ ಸಭೆಯು ತಾನೊಂದೇ ಸಭಾಪಾಲಕನನ್ನು ಸಾಕಲಾರದು. ಉಪದೇಶಕರನ್ನು ಕಲಿಸುವ ಶಾಲೆಯನ್ನಂತೂ ಕಟ್ಟಲಾರದು. ಮಳೆ ತಪ್ಪಿದ ವರ್ಷ ಅದರ ಗಡಿಗೆ ಬರಿದಾಗುವದು. ಸಾಮಾನ್ಯ ನಿಧಿಯಿದ್ದಲ್ಲಿ ಬೆಳೆ ಬಂದ ಊರು ಬೆಳೆ ಹೋದ ಊರನ್ನು ಹೊರುತ್ತದೆ; ಮುಂದಿನ ವರ್ಷ ಹೊರೆಯು ಅದಲುಬದಲಾಗಬಹುದು. ಮಕೆದೋನ್ಯದ ಬಡ ಸಭೆಗಳು ಯೆರೂಸಲೇಮಿನ ಬಡವರಿಗೆ ಕೊಟ್ಟದ್ದು ಈ ನ್ಯಾಯದಿಂದಲೇ. ಅಜರ್ಯರು ಕ್ರೈಸ್ತ ದಾನದ ವಿಷಯದಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೂ ಅವರ ಕಾಲದಲ್ಲಿ ಪರದೇಶದ ಸಂಘಗಳ ಸಹಾಯವು ನಿಂತುಹೋಗಲಿಲ್ಲ. ಹಿಡಿಯಕ್ಕಿಯಿಂದ ಎಲ್ಲಾ ವೆಚ್ಚವೂ ನಡೆಯಿತೆಂದು ಹೇಳಿದರೆ ಸುಳ್ಳಾಗುವದು. ಆದರೆ ಕೊಡಲು ಕಲಿತ ಸಭೆಯು ತಲೆಯೆತ್ತಿ ನಿಲ್ಲಲು ಕಲಿಯಿತು.

1939ನೇ ಇಸವಿ ಜನವರಿ 6ರಂದು ದೋರ್ಣಕಲ್ಲಿನ ಮಹಾದೇವಾಲಯದ ಪ್ರತಿಷ್ಠೆಯಾಯಿತು. ಅದರ ಗುಮ್ಮಟಗಳೂ ಕಂಬಗಳೂ ಪರದೇಶದ ಮಾದರಿಯವಲ್ಲ, ಈ ನಾಡಿನ ಶಿಲ್ಪದವು. ಅಜರ್ಯರು 1945ರ ಜನವರಿ 1ರಂದು ಕರ್ತನಲ್ಲಿ ನಿದ್ರೆಹೋದರು. ಸಭೆಗಳ ಐಕ್ಯಕ್ಕಾಗಿ ಅವರು 1919ರ ತರಂಗಂಬಾಡಿಯ ಕೂಟದಿಂದ ಕಡೆಯ ವರೆಗೂ ದುಡಿದಿದ್ದರೂ, 1947ನೇ ಇಸವಿ ಸಪ್ಟಂಬರ 27ರಂದು ದಕ್ಷಿಣ ಭಾರತ ಸಭೆಯು ಹುಟ್ಟಿದ್ದನ್ನು ಕಣ್ಣಾರೆ ಕಾಣಲಿಲ್ಲ. ಕನ್ನಡ ಸೀಮೆಯ ಅನೇಕ ಸಭೆಗಳು ಆ ಐಕ್ಯದಲ್ಲಿ ಸೇರಿದವು. ಆದದರಿಂದ ಅವರು ಬಿತ್ತಿದ್ದರಲ್ಲಿ ನಮಗೂ ಪಾಲುಂಟು.

ಪ್ರಿಯರೇ, ಸಭಾಪ್ರಾಂತಕ್ಕೆ ಕಳುಹಿಸುವ ಪಾಲು ಕಂದಾಯವಲ್ಲ. ನಾವು ಎಂದೂ ನೋಡದ ಹಳ್ಳಿಯ ಸಹೋದರನ ಕೈಯನ್ನು ಹಿಡಿಯುವ ವಿಧಾನವದು. ಅದರ ಲೆಕ್ಕವನ್ನು ಕೇಳಿರಿ; ಕೊಡುವವರಿಗೆ ಅದು ನ್ಯಾಯ, ತೆಗೆದುಕೊಳ್ಳುವವರಿಗೆ ಅದು ಕಾವಲು. ಕೇಳಿದ ಮೇಲೆ ಸಂತೋಷದಿಂದ ಕೊಡಿರಿ. ಈ ಹೊತ್ತು ಒಲೆಯ ಮೇಲೆ ಅನ್ನಕ್ಕಿಡುವಾಗ ಆ ಒಂದು ಹಿಡಿಯನ್ನು ಮರೆಯದಿರೋಣ.