ಆರು ಚುಕ್ಕಿಯ ಲೂಯಿ ಮತ್ತು ನಮ್ಮ ಪಿಡಿಎಫ್‌ಗಳು

ಕೆಲವು ತಿಂಗಳಿಂದ ಭಾನುವಾರ ಬೆಳಿಗ್ಗೆ ನನಗೊಂದು ಸಂಬಳವಿಲ್ಲದ ಕೆಲಸ. ಲ್ಯಾಪ್‌ಟಾಪ್‌ನ ಎಡಗಡೆ ಹಳೇ ಕನ್ನಡ ಪುಸ್ತಕದ ಸ್ಕ್ಯಾನ್ ಪುಟ, ಬಲಗಡೆ ಓಸಿಆರ್ ಅದನ್ನು ಓದಿ ಬಿಡಿಸಿಕೊಟ್ಟ ಪಠ್ಯ. ಎರಡನ್ನೂ ಹೋಲಿಸಿ ತಿದ್ದಬೇಕು. ಕಣ್ಣು ಕಾಣದವರು ಓದುವ ಡಿಜಿಟಲ್ ಲೈಬ್ರರಿಗೆ ಹೋಗುವ ಪುಸ್ತಕ ಅದು. ‘ಮ’ ಇದ್ದಲ್ಲಿ ‘ವು’ ಬಂದಿರುತ್ತೆ, ಒತ್ತಕ್ಷರ ಉದುರಿರುತ್ತೆ, ಪುಟದ ತಲೆಬರಹ ವಾಕ್ಯದ ನಡುವೆ ಬಂದು ಕೂತಿರುತ್ತೆ. ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು. ಬೀಳದೇ ಇರೋದು ಅನುಸ್ವಾರ. ಅದರ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತರೆ ನಮಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಸ್ಕ್ರೀನ್ ರೀಡರ್‌ಗೆ ಮಾತ್ರ ‘ಅಂಗಡಿ’ ಅನ್ನೋ ಪದವೇ ಒಡೆದುಹೋಗುತ್ತೆ.

ನೋಡುವವರ ಕಣ್ಣಿಗೆ ಚೆನ್ನಾಗಿ ಕಂಡದ್ದು ಓದುವವರಿಗೆ ಉಪಯೋಗಕ್ಕೆ ಬರಲ್ಲ. ಈ ಜಗಳ ಹೊಸದೇನಲ್ಲ. ಲೂಯಿ ಬ್ರೈಲ್ ತನ್ನ ಜೀವಮಾನವನ್ನೆಲ್ಲ ಇದೇ ಜಗಳದಲ್ಲಿ ಕಳೆದ.

ಪ್ಯಾರಿಸ್ಸಿನಿಂದ ಸುಮಾರು 40 ಕಿಲೋಮೀಟರ್ ದೂರದ ಕೂವ್ರೆ ಎಂಬ ಹಳ್ಳಿಯಲ್ಲಿ 1809ರ ಜನವರಿ 4ರಂದು ಹುಟ್ಟಿದ. ಅಪ್ಪ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವ ಕಸುಬಿನವರು. ಮೂರು ವರ್ಷದ ಮಗು ಅಪ್ಪನ ಅಂಗಡಿಯಲ್ಲಿ ತೊಗಲಿಗೆ ತೂತು ಹಾಕುವ ದಬ್ಬಳ ಹಿಡಿದು ಆಡುವಾಗ ಅದು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಹೋದವು. ಅಪ್ಪ ಅಮ್ಮ ಮಗನನ್ನು ಮೂಲೆಗೆ ಕೂರಿಸಲಿಲ್ಲ. ಊರಿನ ಪಾದ್ರಿ ಪಾಠ ಹೇಳಿದರು, ಊರ ಶಾಲೆಯ ಮೇಷ್ಟ್ರು ಉಳಿದ ಮಕ್ಕಳ ಜೊತೆಗೇ ಸೇರಿಸಿಕೊಂಡರು.

1819ರಲ್ಲಿ, ಹತ್ತನೇ ವಯಸ್ಸಿಗೆ, ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ವಾಲಾಂತಿನ್ ಆವಿ ಎಂಬಾತ ಕಟ್ಟಿದ ಶಾಲೆ ಅದು. ಅಲ್ಲಿ ಪುಸ್ತಕ ಇತ್ತು, ನಿಜ. ಆದರೆ ಹೆಂಗಿತ್ತು ಅಂದ್ರೆ, ಮಾಮೂಲಿ ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದಲ್ಲಿ ಉಬ್ಬಿಸಿದ್ದರು. ಒಂದೊಂದು ಅಕ್ಷರದ ಅಂಚನ್ನೂ ಬೆರಳಿನಲ್ಲಿ ಸುತ್ತಿ ಗುರುತಿಸಬೇಕು. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತೆ. ಪುಸ್ತಕಗಳೋ ಎತ್ತಲಾರದಷ್ಟು ಭಾರ, ಸಂಖ್ಯೆಯೂ ಬೆರಳೆಣಿಕೆಯಷ್ಟೇ. ಎಲ್ಲಕ್ಕಿಂತ ಹೆಚ್ಚಾಗಿ, ಆ ಲಿಪಿಯಲ್ಲಿ ಮಕ್ಕಳು ತಾವಾಗಿ ಬರೆಯುವ ಹಾಗೇ ಇರಲಿಲ್ಲ. ಯಾರೋ ಕೊಟ್ಟದ್ದನ್ನು ಓದಬೇಕು, ಅಷ್ಟೇ.

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೈನ್ಯಾಧಿಕಾರಿಯ ಚುಕ್ಕಿ ಬರಹ ಶಾಲೆಗೆ ಬಂತು. ಅಕ್ಷರಗಳ ಬದಲು ಉಚ್ಚಾರಣೆಗೆ ಗುರುತು. ಒಂದೊಂದು ಗುರುತಿಗೆ ಹನ್ನೆರಡರವರೆಗೂ ಚುಕ್ಕಿ. ಕಾಗುಣಿತಕ್ಕಾಗಲಿ, ವಿರಾಮ ಚಿಹ್ನೆಗಾಗಲಿ ಜಾಗ ಇಲ್ಲ. ಹುಡುಗರಿಗೆ ಒಂದು ವಿಷಯ ತಕ್ಷಣ ಹೊಳೆಯಿತು: ಗೆರೆಗಿಂತ ಚುಕ್ಕಿ ಬೆರಳಿಗೆ ಸುಲಭ. ಆದರೆ ಹನ್ನೆರಡು ಚುಕ್ಕಿ ಒಂದು ಬೆರಳ ತುದಿಯಲ್ಲಿ ಹಿಡಿಯಲ್ಲ.

ಲೂಯಿ ಅದನ್ನು ಅರ್ಧಕ್ಕೆ ಇಳಿಸಿದ. ಎರಡು ಕಂಬಸಾಲು, ಒಂದೊಂದರಲ್ಲಿ ಮೂರು ಚುಕ್ಕಿ. ಒಟ್ಟು ಆರು. ಇಂಜಿನಿಯರಿಂಗ್ ಓದಿದ ಚಾಳಿಗೆ ಒಂದು ಮಾತು ಹೇಳದೇ ಇರಕ್ಕಾಗಲ್ಲ: ಇದು ಆರು ಬಿಟ್‌ನ ಕೋಡ್. ಖಾಲಿ ಮನೆ ಬಿಟ್ಟರೆ 63 ಗುರುತು. ಅಕ್ಷರ, ವಿರಾಮ ಚಿಹ್ನೆ, ಅಂಕಿ, ಸಂಗೀತದ ಸ್ವರ ಎಲ್ಲ ಅದರೊಳಗೆ ಬಂದವು. 1824ರಲ್ಲಿ ಇದು ಒಂದು ರೂಪಕ್ಕೆ ಬಂದಾಗ ಆತನಿಗೆ ಬರೀ ಹದಿನೈದು. 1829ರಲ್ಲಿ ಪ್ರಕಟಿಸಿದ, 1837ರಲ್ಲಿ ತಿದ್ದಿದ.

ಲಿಪಿ ಆಯ್ತು, ಪುಸ್ತಕ ಎಲ್ಲಿ? ಕಣ್ಣಿರುವವರು ಯಾರಾದರೂ ಗಟ್ಟಿಯಾಗಿ ಓದಬೇಕು, ಕೇಳಿಸಿಕೊಂಡವರು ಚುಕ್ಕಿ ಚುಚ್ಚಿ ಬರೆದುಕೊಳ್ಳಬೇಕು. 1833ರಲ್ಲಿ ಅದೇ ಶಾಲೆಯಲ್ಲಿ ಮೇಷ್ಟ್ರಾದ ಬ್ರೈಲ್, ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಾ, ಕ್ಷಯದಿಂದ ಕೆಮ್ಮುತ್ತಾ, ಈ ನಕಲು ಕೆಲಸ ಮಾಡಿದರು, ಮಾಡಿಸಿದರು. ನಮ್ಮ ಭಾನುವಾರದ ತಿದ್ದುವಿಕೆಯ ಮುತ್ತಜ್ಜ ಅದೇ ಅನ್ನಿ.

ನಿರ್ದೇಶಕರಾಗಿದ್ದ ಪಿನ್ಯೆ ಇರುವವರೆಗೆ ಬೆಂಬಲ ಇತ್ತು. 1840ರಲ್ಲಿ ಅವರನ್ನು ಹೊರಹಾಕಿ ದ್ಯುಫೋ ಬಂದ. ಆತ ಬ್ರೈಲ್ ಚುಕ್ಕಿಯನ್ನು ನಿಷೇಧಿಸಿದ, ಪುಸ್ತಕಗಳನ್ನು ಸುಡಿಸಿದ ಅಂತ ಜೀವನಚರಿತ್ರೆಕಾರರು ಬರೆಯುತ್ತಾರೆ. ವಾದ ಏನಪ್ಪಾ ಅಂದ್ರೆ, ಕುರುಡರ ಲಿಪಿ ಕಣ್ಣಿದ್ದವರ ಲಿಪಿಯಂತೆಯೇ ಇರಬೇಕು, ಇಲ್ಲಾಂದ್ರೆ ಅವರು ಸಮಾಜದಿಂದ ದೂರ ಆಗ್ತಾರೆ. ಕೇಳೋಕೆ ಸರಿ ಅನ್ಸುತ್ತೆ. ಆದರೆ ಆ ಉಬ್ಬಕ್ಷರದಿಂದ ಅನುಕೂಲ ಆಗುತ್ತಿದ್ದದ್ದು ಕಣ್ಣಿದ್ದ ಮೇಷ್ಟ್ರುಗಳಿಗೆ ಮತ್ತು ಶಾಲೆ ನೋಡಲು ಬರುವ ದೊಡ್ಡ ಮನುಷ್ಯರಿಗೆ. ನಮ್ಮಲ್ಲೂ ಪುಸ್ತಕವನ್ನು ಚಿತ್ರದಂಥ ಪಿಡಿಎಫ್ ಮಾಡಿ ಡಿಜಿಟಲೀಕರಣ ಮುಗೀತು ಅಂತ ಫೋಟೋ ತೆಗೆಸಿಕೊಳ್ಳುವುದು ಇದೇ ಜಾತಿಯ ಕೆಲಸ. ಸ್ಕ್ರೀನ್ ರೀಡರ್ ಪಾಲಿಗೆ ಅಲ್ಲಿ ಒಂದಕ್ಷರವೂ ಇರುವುದಿಲ್ಲ.

ಮಕ್ಕಳು ಕದ್ದುಮುಚ್ಚಿ ಚುಕ್ಕಿ ಬರೆದರು. ಕೊನೆಗೆ ಉಪನಿರ್ದೇಶಕ ಗಾದೆ ಅದರ ಪರ ನಿಂತು ದ್ಯುಫೋನ ಮನಸ್ಸು ತಿರುಗಿಸಿದರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯ ದಿನ ಎಲ್ಲರೆದುರು ಚುಕ್ಕಿಯಲ್ಲಿ ಬರೆಸಿ, ಓದಿಸಿ ತೋರಿಸಲಾಯಿತು.

ಬ್ರೈಲ್ ತೀರಿಕೊಂಡದ್ದು 1852ರ ಜನವರಿ 6ರಂದು. 43 ತುಂಬಿ ಎರಡೇ ದಿನ. ತೆರೆಯದೇ ಸುಡಿ ಅಂತ ಬಿಟ್ಟುಹೋಗಿದ್ದ ಪೆಟ್ಟಿಗೆಯನ್ನು ಗೆಳೆಯರು ತಡೆಯಲಾರದೆ ತೆರೆದರಂತೆ. ಒಳಗಿದ್ದದ್ದು ವಿದ್ಯಾರ್ಥಿಗಳು ಅವರಿಂದ ಪಡೆದ ಸಾಲದ ಚೀಟಿಗಳು. ಶಾಲೆ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನೂರು ವರ್ಷದ ನಂತರ, 1952ರಲ್ಲಿ, ದೇಹವನ್ನು ಪ್ಯಾರಿಸ್ಸಿನ ಪಾಂತೆಯೋಂಗೆ ಒಯ್ದರು. ಕೈಗಳನ್ನು ಮಾತ್ರ ಕೂವ್ರೆ ತನ್ನಲ್ಲೇ ಉಳಿಸಿಕೊಂಡಿತು.

ಅದಕ್ಕೆ ಒಂದು ವರ್ಷ ಮೊದಲು, 1951ರಲ್ಲಿ, ಭಾರತದ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಒಪ್ಪಿತವಾಗಿತ್ತು. ಆತ ‘ಕೆ’ಗೆ ಇಟ್ಟ ಎರಡು ಚುಕ್ಕಿಯೇ ನಮ್ಮ ‘ಕ’. ಕಾನೂನೂ ಈಗ ಅಡ್ಡ ಇಲ್ಲ: 2012ರ ಕಾಪಿರೈಟ್ ತಿದ್ದುಪಡಿ ಅಂಗವಿಕಲರಿಗಾಗಿ ಪುಸ್ತಕದ ರೂಪ ಬದಲಿಸಲು ದಾರಿ ಬಿಟ್ಟಿದೆ, ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದೇ ಭಾರತ. 2016ರಿಂದ ಸುಗಮ್ಯ ಪುಸ್ತಕಾಲಯವೂ ಇದೆ. ಕೊರತೆ ಇರೋದು ಕೂತು ತಿದ್ದುವವರದ್ದು. ಅಧ್ಯಾಯದ ಹೆಸರಿಗೆ ಶೀರ್ಷಿಕೆಯ ಗುರುತು ಹಾಕಬೇಕು, ಅಡಿಟಿಪ್ಪಣಿಯನ್ನು ವಾಕ್ಯದಿಂದ ಬಿಡಿಸಬೇಕು, ಚಿತ್ರದಲ್ಲಿ ಏನಿದೆ ಅಂತ ಎರಡು ಸಾಲು ಬರೆಯಬೇಕು. ನಿಧಾನದ ಕೆಲಸ.

ಸೊನ್ನೆಗಳನ್ನು ಹುಡುಕಿ ಒಂದೇ ಸಲಕ್ಕೆ ಅನುಸ್ವಾರ ಮಾಡೋಣ ಅಂತ ನಾನೊಮ್ಮೆ ಜಾಣತನ ತೋರಿಸಿದೆ. ಪುಸ್ತಕದಲ್ಲಿದ್ದ ಇಸವಿಗಳೆಲ್ಲ ಹಾಳಾದವು. ಈಗ ಒಂದೊಂದೇ ಪುಟ ನೋಡುತ್ತಿದ್ದೇನೆ.