ಫ್ಲಾರೆನ್ಸ್ ನೈಟಿಂಗೇಲ್: ಸಾವಿನ ಲೆಕ್ಕ ಇಟ್ಟ ದಾದಿ

ಆನೆಕೊಂಡದ ಮಕ್ಕಳಿಗೆ ದಾದಿಯರು ಹೊಸಬರಲ್ಲ. ದಾವಣಗೆರೆಯ ಆಸ್ಪತ್ರೆಗಳಲ್ಲಿ ದುಡಿಯುವ, ನರ್ಸಿಂಗ್ ಓದುವ ಅಕ್ಕಂದಿರನ್ನು ಅವರು ನೋಡಿರುತ್ತಾರೆ. ಹಾಗಾಗಿ ಬೋಧನಾಭ್ಯಾಸದಲ್ಲಿ ನೈಟಿಂಗೇಲರ ಪಾಠ ದೀಪದ ಚಿತ್ರಕ್ಕೇ ನಿಲ್ಲಬಾರದು. ರೋಗಿ ತೀರಿಕೊಂಡಾಗ ದಾದಿ ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ.

ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಮನೆತನದಲ್ಲಿ. ತಂದೆಯೇ ಮನೆಯಲ್ಲಿ ಪಾಠ ಹೇಳಿದರು. ಗಣಿತವೆಂದರೆ ಮಗಳಿಗೆ ಬಲು ಇಷ್ಟ. ದಾದಿಯಾಗುವೆನೆಂದಾಗ ಮನೆಯವರು ಒಪ್ಪಲಿಲ್ಲ. ಹಟ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ತರಬೇತಿ ಪಡೆದರು.

ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ, 1854ರ ನವೆಂಬರ್‌ನಲ್ಲಿ, 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆ ತಲುಪಿದರು. ಕಟ್ಟಡದ ಅಡಿಯಲ್ಲಿ ಚರಂಡಿ ಕಟ್ಟಿಕೊಂಡಿತ್ತು. ಗಾಯಗಳಿಗಿಂತ ಕಾಲರಾ, ಭೇದಿ, ಜ್ವರಗಳಿಂದ ಸತ್ತವರೇ ಹೆಚ್ಚು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ ಸುಮಾರು 42. ನೈಟಿಂಗೇಲ್ ರಾತ್ರಿ ದೀಪ ಹಿಡಿದು ಸಾಲು ಹಾಸಿಗೆಗಳ ನಡುವೆ ಓಡಾಡಿದರು, ಸಾಯುವವರ ಪಕ್ಕದಲ್ಲಿ ಕುಳಿತರು. ಸತ್ತ ಸೈನಿಕರ ಮನೆಯವರಿಗೆ ತಾವೇ ಕಾಗದ ಬರೆದರು. ಅವರ ಪಾಲಿಗೆ ಆರೈಕೆ ರೋಗಿಯ ಉಸಿರಿನೊಂದಿಗೆ ಮುಗಿಯುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿ ಶುಚಿಗೊಳಿಸಿತು, ಕೋಣೆಗಳಿಗೆ ಗಾಳಿ ಬರುವಂತೆ ಮಾಡಿತು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಅಕ್ಕರೆಯ ಆರೈಕೆಯೊಂದೇ ಸಾಲದೆಂಬ ಕಹಿ ಸತ್ಯ ಈ ಅಂಕಿಗಳಲ್ಲಿತ್ತು.

1856ರಲ್ಲಿ ಊರಿಗೆ ಮರಳಿದ ಅವರ ಆರೋಗ್ಯ ಕೆಟ್ಟಿತ್ತು. ಆದರೂ ಸತ್ತವರನ್ನು ಮರೆಯಲಿಲ್ಲ, ಆಸ್ಪತ್ರೆಯ ತಪ್ಪನ್ನು ಮುಚ್ಚಿಡಲಿಲ್ಲ. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ನೆರವಿನಿಂದ ಸಾವುಗಳನ್ನು ಕಾರಣವಾರು ಎಣಿಸಿ, ಬಣ್ಣದ ನಕ್ಷೆಯಾಗಿಸಿ, ಹೆಚ್ಚಿನವು ತಡೆಯಬಹುದಾದ ಸಾವುಗಳೆಂದು ಅಧಿಕಾರಸ್ಥರ ಮುಂದಿಟ್ಟರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ತೆರೆಸಿದರು. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ಸೈನಿಕರ, ಹಳ್ಳಿಗರ ನೀರು-ನೈರ್ಮಲ್ಯಕ್ಕಾಗಿ ದಶಕಗಳ ಕಾಲ ಬರೆದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೆ 42 ಮತ್ತು 2ರ ಎರಡು ಕಂಬಗಳನ್ನು ಬರೆದು ಪಾಠ ಆರಂಭಿಸಬಹುದು. ನಡುವೆ ಏನು ನಡೆಯಿತೆಂದು ಮಕ್ಕಳೇ ಊಹಿಸಲಿ. ಸತ್ತವರಿಗಾಗಿ ಮರುಗುವುದು, ಇನ್ನೊಬ್ಬರು ಹಾಗೆ ಸಾಯದಂತೆ ದುಡಿಯುವುದು ಎರಡೂ ಕರುಣೆಯೇ ಎಂಬುದು ಆಗ ಅವರಿಗೆ ತಾನಾಗಿ ತಿಳಿಯುತ್ತದೆ.