ನೊಂದ ಮಕ್ಕಳ ಗುರುಮಾತೆ: ಅಡ್ಯಾರಿನಲ್ಲಿ ಮಾರಿಯಾ ಮಾಂಟೆಸ್ಸರಿ

ಚೆನ್ನೈ ನಗರದಲ್ಲಿ ಮಾಂಟೆಸ್ಸರಿ ಎಂಬ ಹೆಸರು ಹೊತ್ತ ಶಿಶುವಿಹಾರಗಳಿಗೆ ಕೊರತೆಯಿಲ್ಲ. ಆದರೆ ಆ ಹೆಸರಿನ ಮಹಾಮಹಿಳೆ ಇದೇ ಊರಿನ ಅಡ್ಯಾರಿನಲ್ಲಿ ನೆಲೆಸಿದ್ದರೆಂಬುದು, ಶತ್ರುರಾಷ್ಟ್ರದ ಪ್ರಜೆಯೆಂಬ ನಿರ್ಬಂಧವನ್ನೂ ಇಲ್ಲಿಯೇ ಅನುಭವಿಸಿದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಂತಿಲ್ಲ.

ಮಾರಿಯಾ ಮಾಂಟೆಸ್ಸರಿಯವರು 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲೆಯಲ್ಲಿ ಜನಿಸಿದರು. ಹೆಣ್ಣುಮಕ್ಕಳು ವೈದ್ಯಶಾಸ್ತ್ರ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ, ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರು. 1898ರಲ್ಲಿ ಮಗ ಮಾರಿಯೊ ಹುಟ್ಟಿದಾಗ ಅವರಿಗೆ ವಿವಾಹವಾಗಿರಲಿಲ್ಲ. ಲೋಕಾಪವಾದಕ್ಕೆ ಅಂಜಿ ಕೂಸನ್ನು ಹಳ್ಳಿಯ ಕುಟುಂಬವೊಂದರಲ್ಲಿ ಬಿಡಬೇಕಾಯಿತು. ಮಗ ಹದಿಹರೆಯದಲ್ಲಿ ಬಳಿಗೆ ಬಂದ ಮೇಲೂ ಅವನನ್ನು ಬಂಧುವೆಂದೋ ದತ್ತುಪುತ್ರನೆಂದೋ ಹೇಳಿಕೊಳ್ಳಬೇಕಾದ ಸ್ಥಿತಿ.

1907ರಲ್ಲಿ ರೋಮಿನ ಬಡವರ ಕೇರಿ ಸ್ಯಾನ್ ಲೊರೆಂಜೊದಲ್ಲಿ ಅವರು ತೆರೆದ ಮಕ್ಕಳ ಮನೆಯ ಕಥೆ ಪ್ರಸಿದ್ಧವೇ ಆಗಿದೆ. ನಮ್ಮ ಮನಸ್ಸನ್ನು ಹೆಚ್ಚು ಕಾಡುವುದು ಅದರ ಮುಂದಿನ ಪ್ರಸಂಗ. 1908ರ ಡಿಸೆಂಬರಿನಲ್ಲಿ ಮೆಸ್ಸೀನಾ ನಗರವನ್ನು ಭೂಕಂಪ ನೆಲಸಮಗೊಳಿಸಿತು. ಅವಶೇಷಗಳ ನಡುವೆ ಒಂಟಿಯಾಗಿ ಸಿಕ್ಕ ಸುಮಾರು 60 ಮಕ್ಕಳನ್ನು ರೋಮಿನ ಕ್ರೈಸ್ತ ಸನ್ಯಾಸಿನಿಯರ ಮಠವೊಂದಕ್ಕೆ ಕರೆತರಲಾಯಿತು. ಹೆಸರು, ಕುಲ ಯಾವುದೂ ತಿಳಿಯದ ಮಕ್ಕಳು. ಹಗಲೆಲ್ಲ ಮೌನ, ಅನ್ನ ಸೇರದು, ನಿದ್ದೆ ಹತ್ತದು, ರಾತ್ರಿ ಚೀತ್ಕಾರ, ಅಳು. ಅಲ್ಲಿ ಮಾಂಟೆಸ್ಸರಿ ಪದ್ಧತಿಯ ಶಾಲೆ ಏರ್ಪಟ್ಟಿತು. ಪುಟ್ಟ ಮೇಜುಗಳು, ಮಕ್ಕಳ ಕೈಗೆಟುಕುವ ಕಪಾಟುಗಳು, ಹೂವು, ತಾವೇ ಬಡಿಸಿಕೊಳ್ಳುವ ಊಟ, ದಿನವೂ ಅದೇ ಕ್ರಮ. ಕ್ರಮೇಣ ಹಸಿವು ಬಂತು, ನಿದ್ದೆ ಬಂತು, ನಗೆಯೂ ಬಂತು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂಗಳ ನಿರಾಶ್ರಿತ ಮಕ್ಕಳಲ್ಲಿಯೂ ಇದೇ ಬೆದರಿಕೆ ಕಂಡುಬಂತು. ಗಾಯಾಳು ಸೈನಿಕರಿಗೆ ರೆಡ್‌ಕ್ರಾಸ್ ಇರುವಂತೆ ಮನಸ್ಸು ಗಾಯಗೊಂಡ ಮಕ್ಕಳಿಗೆ ಶ್ವೇತಶಿಲುಬೆ ಎಂಬ ಸಂಸ್ಥೆ ಬೇಕೆಂದು 1917ರಲ್ಲಿ ಅವರು ಪ್ರತಿಪಾದಿಸಿದರು. ಶುಶ್ರೂಷೆಯನ್ನೂ ಬೋಧನೆಯನ್ನೂ ಬಲ್ಲ ಶಿಕ್ಷಕಿಯರನ್ನು ಅದಕ್ಕೆಂದೇ ತರಬೇತುಗೊಳಿಸುವುದು ಅವರ ಯೋಜನೆ. ಅದು ಕೈಗೂಡಲಿಲ್ಲ. ಎಲ್ಲ ಮಕ್ಕಳಿಗೂ ನೆಮ್ಮದಿಯ ತರಗತಿ, ಕುಗ್ಗಿದವರಿಗೆ ಸಣ್ಣ ಗುಂಪಿನಲ್ಲಿ ಹೆಚ್ಚಿನ ಗಮನ, ತೀರ ನೊಂದವರಿಗೆ ತಜ್ಞರ ನೆರವು ಎಂದು ಇಂದು ಹಂತಗಳನ್ನು ಗುರುತಿಸುತ್ತಾರೆ. 2004ರ ಸುನಾಮಿಯ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ತಮಿಳುನಾಡಿನ ಕರಾವಳಿಯಲ್ಲಿ ಮನೋಸಾಮಾಜಿಕ ನೆರವಿಗೆ ಮುಂದಾದಾಗ, ಆ ಹಳೆಯ ಯೋಜನೆ ನೆನಪಾಗದೆ ಇರಲಾರದು. ಅಡ್ಯಾರಿನ ಪಕ್ಕದ ಮೀನುಗಾರರ ಕುಪ್ಪಗಳೂ ಅಂದು ಆ ಅಲೆಯ ಹೊಡೆತ ಕಂಡವು.

ಥಿಯೊಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣೀದೇವಿಯವರ ಆಹ್ವಾನದ ಮೇರೆಗೆ 1939ರ ನವೆಂಬರಿನಲ್ಲಿ ಅವರು ಮಗನೊಂದಿಗೆ ಮದರಾಸಿಗೆ ಬಂದರು. ಸೊಸೈಟಿಯ ಆವರಣದಲ್ಲಿ ಗರಿಯ ಗುಡಿಸಲುಗಳೆದ್ದವು. ಸುಮಾರು 300 ಶಿಕ್ಷಕರು ಸೇರಿದರು. ಆಕೆ ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ನೀಡಿದರೆ ಮಾರಿಯೊ ಅದನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದರು.

1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಮಾರಿಯೊರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಕಳುಹಿಸಲಾಯಿತು. ತಾಯಿ ಸೊಸೈಟಿಯ ಆವರಣ ಬಿಡುವಂತಿರಲಿಲ್ಲ. ಆಗಸ್ಟ್ 31ರಂದು ಅವರಿಗೆ 70 ತುಂಬಿತು. ಹುಟ್ಟುಹಬ್ಬದ ಕಾಣಿಕೆಯಾಗಿ ಆಕೆಯ ಮಗನನ್ನು ಮರಳಿ ಕಳುಹಿಸುತ್ತಿರುವುದಾಗಿ ವೈಸರಾಯರಿಂದ ತಂತಿ ಬಂತು. ತಾಯಿ 42 ವರ್ಷ ಬಾಯಿಬಿಟ್ಟು ಹೇಳಲಾಗದ ಸಂಬಂಧವನ್ನು ಪರಕೀಯ ಸರ್ಕಾರದ ಕಾಗದವೊಂದು ಹೇಳಿಬಿಟ್ಟಿತು! ವಿಧಿಯ ವಿಚಿತ್ರವೆನ್ನದೆ ಇನ್ನೇನು ಹೇಳೋಣ?

ಮುಂದೆ ಕೆಲವು ವರ್ಷ ಕೊಡೈಕೆನಾಲಿನಲ್ಲಿ ಮಕ್ಕಳೊಡನೆ ಕೆಲಸ ಮಾಡಿದರು. 1946ರಲ್ಲಿ ಯೂರೋಪಿಗೆ ತೆರಳಿದರೂ ಮರುವರ್ಷವೇ ಭಾರತಕ್ಕೆ ಹಿಂದಿರುಗಿದರು. ಇಲ್ಲಿನ ಉಪನ್ಯಾಸಗಳಿಂದ ರೂಪುಗೊಂಡ 'ದಿ ಅಬ್ಸಾರ್ಬೆಂಟ್ ಮೈಂಡ್' 1949ರಲ್ಲಿ ಮದರಾಸಿನಲ್ಲಿಯೇ ಅಚ್ಚಾಯಿತು. ಬಡವರ ಕೇರಿಯಲ್ಲಿ ಹುಟ್ಟಿದ ಪದ್ಧತಿ ಇಂದು ಹೆಚ್ಚಾಗಿ ದುಬಾರಿ ಶುಲ್ಕದ ಶಾಲೆಗಳ ಸೊತ್ತಾಗಿರುವುದು ನಮಗೆ ಖೇದ ತರುವ ಸಂಗತಿ.

1952ರ ಮೇ 6ರಂದು ನೆದರ್ಲೆಂಡ್ಸ್‌ನ ನೂರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅವರು ನಿಧನರಾದರು. ಮಾರಿಯೊ ಅವರು 1982ರಲ್ಲಿ ತೀರಿಕೊಳ್ಳುವವರೆಗೂ ತಾಯಿಯ ಕೆಲಸವನ್ನು ಮುಂದುವರಿಸಿದರು.